ಹಳದಿ ಕೊಡೆಯ ಮೊಕದ್ದಮೆ

ಮಾರ್ಚ್ ೧೧, ಭಾನುವಾರ

ಮುದ್ದು ಗುಬ್ಬಿಗೆ,

ಹೇಗಿದ್ದೀಯೆ? ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಕೋಪ ಮಾಡಿಕೊಳ್ಳಬೇಡ, ಆ ಕೆಲಸವನ್ನು ಸದ್ಯಕ್ಕೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತದೆ. ಇದನ್ನೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಬರೆಯುತ್ತಿದ್ದೇನೆ.

ವಿಷಯ ನಿನಗೆ ಗೊತ್ತಿರುವುದೇ. ಆ ಹಳೆಯ ವರ್ತಕನ ಮನೆ ಮ್ಯೂಸಿಯಂ ಆದಾಗಿನಿಂದ ಅದರ ಕೋಣೆ ಕೋಣೆಗೂ ಕಥೆ ಕಟ್ಟಿ ಪ್ರವಾಸಿಗರಿಗೆ ಹೇಳುವ ಗೈಡ್ ನಾನು. ಕೆಲಸವಿಲ್ಲದೆ ಕೂತಿದ್ದ ನಿನ್ನ ಗಂಡನನ್ನು ಜೊತೆಗೆ ಸುತ್ತಿಸಿ ಕಲಿಸಿದವಳೂ ನಾನೇ. ಈಗ ಸಾಹೇಬರು ಅದೇ ಗೇಟಿನಲ್ಲಿ, ನನ್ನದರಂಥದೇ ಹಳದಿ ಕೊಡೆ ಬಿಚ್ಚಿ ನಿಂತು, ನನ್ನ ಜೋಕಿಗೆ ನನಗಿಂತ ಮೊದಲೇ ಜನರನ್ನು ನಗಿಸುತ್ತಾರೆ. ಕೇಳಿದರೆ, "ಅತ್ತಿಗೆ, ಮಾತಿಗೂ ಬೇಲಿ ಹಾಕ್ತೀರಾ?" ಅಂದರು. ಮಾತು ಕೊಟ್ಟೆನಪ್ಪಾ, ಕೊಡೆ ಮಾತ್ರ ಕೊಡೆ ಅಂದೆ. ನಕ್ಕರು. ಮರುದಿನ ಅದನ್ನೂ ಗಿರಾಕಿಗಳಿಗೆ ಹೇಳಿದರಂತೆ.

ನನ್ನ ಕಾಲೇಜಿನ ಗೆಳತಿ ವಕೀಲೆ ಇದ್ದಾಳಲ್ಲ, ನೋಟವೇ ಅರ್ಧ ನೋಟಿಸು, ಅವಳ ಹತ್ತಿರ ಹೋದೆ.

"ಬೇರೆಯವರ ಮಾತನ್ನ ತನ್ನದು ಅಂತ ಹೇಳ್ಕೊಂಡ್ರೆ ಕೃತಿಚೌರ್ಯ ಕಣೆ. ಅದು ಮರ್ಯಾದೆ ಪ್ರಶ್ನೆ, ಅಷ್ಟಕ್ಕೇ ಕೋರ್ಟು ಬಾಗಿಲು ತೆಗೆಯಲ್ಲ," ಅಂದಳು. "ವಾಕ್ಯಕ್ಕೆ ವಾಕ್ಯ ಎತ್ತಿದ್ರೆ ಕೃತಿಸ್ವಾಮ್ಯ ಅನ್ನಬಹುದು. ಬರೆದಿಟ್ಟಿದ್ದೀಯಾ?"

"ದಿನಾ ಬದಲಾಗುತ್ತಲ್ಲೇ."

"ಹಾಗಾದ್ರೆ ಕಷ್ಟ. ಬರೀ ಐಡಿಯಾ ಯಾರಪ್ಪನ ಸ್ವತ್ತೂ ಅಲ್ಲ. ಆದ್ರೆ ಆ ಕೊಡೆ ನೋಡಿ ಜನ ಅವನನ್ನೇ ನೀನು ಅಂದ್ಕೊಂಡು ಹಿಂದೆ ಹೋದ್ರೆ, ಅದು ಅನುಚಿತ ಸ್ಪರ್ಧೆ. ಅಲ್ಲಿ ಹಿಡೀಬಹುದು."

"ಆ ಮೀಸೆಯನ್ನ ನಾನು ಅಂದ್ಕೋತಾರಾ?"

"ಮೀಸೆ ಯಾರು ನೋಡ್ತಾರೆ? ಹಳದಿ ಕೊಡೆ ಗೈಡ್ ಚೆನ್ನಾಗಿ ಹೇಳ್ತಾರೆ ಅಂತ ಕೇಳ್ಕೊಂಡು ಬಂದಿರ್ತಾರೆ."

ಅಂತೂ ನೋಟಿಸು ಸಿದ್ಧವಾಗಿದೆ, ಸಹಿಯೊಂದು ಬಾಕಿ. ಹಾಕಿದರೆ ನಿನ್ನ ಮನೆಯ ಒಲೆಗೆ ನೀರು ಹೊಯ್ದಂತೆ. ಹಾಕದಿದ್ದರೆ ನನ್ನದು ಹೇಗೂ ಆರುತ್ತಿದೆ. ಪೆನ್ನು ಎತ್ತುತ್ತೇನೆ, ಬಾಗಿಲು ಹಾಕಿದೆಯಾ ಅಂತ ನೋಡಿ ಬರುತ್ತೇನೆ, ಮತ್ತೆ ಎತ್ತುತ್ತೇನೆ.

ಮಗಳ ಹಲ್ಲುನೋವು ಇಳಿಯಿತಾ? ಅವಳಿಗೂ ನಿನಗೂ, ಆ ಮೀಸೆಗೂ ಒಳ್ಳೆಯದಾಗಲಿ. ಹಾರೈಕೆಯಲ್ಲಿ ನಾನು ಸ್ಪರ್ಧೆಗೆ ಇಳಿಯುವವಳಲ್ಲ.

ನಿನ್ನ
ಅಕ್ಕ

ಇನ್ನೊಂದು ಮಾತು: ನಿನ್ನೆ ಟೋಪಿ ಹಾಕಿಕೊಂಡು ಅವರ ಗುಂಪಿನ ಹಿಂದೆ ನಾನೂ ನಡೆದೆ. ಕನ್ನಡಿ ಕೋಣೆಯಲ್ಲಿ ನಿಂತು ಅವರು, "ನಮ್ಮಮ್ಮನಿಗೆ ಕೊನೆಕೊನೆಗೆ ತನ್ನ ಮುಖವೇ ಮರೆತುಹೋಗಿತ್ತು. ಕನ್ನಡಿಯೊಳಗಿನ ಮುದುಕಿಗೂ ಒಂದು ತಟ್ಟೆ ಹಾಕ್ರೇ, ಪಾಪ ಆಗಿನಿಂದ ಕಾಯ್ತಿದಾಳೆ ಅಂತಿದ್ಳು" ಅಂದರು. ಜನ ಕಣ್ಣೊರೆಸಿಕೊಂಡರು. ನಾನೂ. ಆ ಮಾತನ್ನು ನಾನು ಯಾವ ಪ್ರವಾಸಿಗರಿಗೂ ಹೇಳಿಲ್ಲ ಗುಬ್ಬಿ, ನಿನ್ನ ಗಂಡನಿಗೂ ಹೇಳಿಲ್ಲ. ಆಗ ಅಮ್ಮನ ಹತ್ತಿರ ಇದ್ದದ್ದು ನಾವಿಬ್ಬರೇ. ಅಮ್ಮ ನಿನಗೂ ಅಮ್ಮ, ಕೊಡುವ ಹಕ್ಕು ನಿನಗಿದೆ, ಕಳ್ಳತನ ಅನ್ನಲಾರೆ. ಕೊಡೆ ಅವರೇ ಇಟ್ಟುಕೊಳ್ಳಲಿ, ಸಹಿ ಹಾಕುವುದಿಲ್ಲ. ಆ ಕೋಣೆಗೆ ಬಂದಾಗ ಮಾತ್ರ 'ನಮ್ಮತ್ತೆ' ಅನ್ನಲು ಹೇಳು.