ಜೊಂಡಿನ ಬಕಕ್ಕೆ ಸಾಕ್ಷಿ

ಡಿಸೆಂಬರ್ ೯, ಸೋಮವಾರ
ಅಕ್ಕನ ಮನೆ

ಇವರಿಗೆ,

‘ಪ್ರೀತಿಯ’ ಎಂದು ಶುರು ಮಾಡಲು ಹೋದೆ, ಕೈ ಏಳಲಿಲ್ಲ. ಹೀಗೇ ಓದಿಕೊಳ್ಳಿ.

ನಿನ್ನೆ ಪಕ್ಷಿಧಾಮದ ಗೇಟಿನಿಂದ ಹೇಳದೆ ಕೇಳದೆ ಬಸ್ಸು ಹತ್ತಿ ಬಂದೆನೆಂದು ಅಕ್ಕನಿಗೆ ಫೋನ್ ಮಾಡಿ ದೂರಿದಿರಂತೆ. ಹತ್ತು ಜನರ ಮುಂದೆ ಮರ್ಯಾದೆ ತೆಗೆದಳು ಎಂದಿರಂತೆ. ಅದಕ್ಕೇ ಈ ಕಾಗದ.

ನಾನು ಜಗಳಕ್ಕೆಂದು ಬಂದಿರಲಿಲ್ಲ. ಹಕ್ಕಿ ನೋಡೋಕೆ ಬಾ, ಸಂಜೆ ಹಾಗೇ ಮನೆಗೆ ಹೋಗೋಣ ಎಂದು ನೀವು ಕರೆದಾಗ ಬ್ಯಾಗಿಗೆ ಬಟ್ಟೆ ತುಂಬಿಕೊಂಡೇ ಹೊರಟೆ. ಅಕ್ಕ ಗೊಣಗಿದಳು. ನಾನೇ ಅವಳ ಬಾಯಿ ಮುಚ್ಚಿಸಿದೆ.

ಕೆರೆಯಂಚಿನ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ನಿಮ್ಮ ಸ್ವೆಟರ್ ಬಿಚ್ಚಿ ಕೊಟ್ಟಿರಿ, ನನ್ನ ಮನಸ್ಸು ಕರಗಿಯೇ ಹೋಯಿತು. ನನ್ನ ಕೆಂಪು ಶಾಲು ಕಂಡರೆ ಹಕ್ಕಿಗಳು ಹಾರುತ್ತವೆಂದು ಕೊಟ್ಟದ್ದು ಅಂತ ಆಮೇಲೆ ಗೊತ್ತಾಯಿತು. ಇರಲಿ, ಅದಕ್ಕೂ ನಕ್ಕೆ.

ಅಪರೂಪದ ಹಕ್ಕಿಯನ್ನು ಒಬ್ಬರೇ ಕಂಡರೆ ನಿಮ್ಮ ಹಕ್ಕಿ ನೋಡುವವರ ಕೂಟದಲ್ಲಿ ಲೆಕ್ಕಕ್ಕಿಲ್ಲ, ಇನ್ನೊಬ್ಬರೂ ಕಂಡಿರಬೇಕು. ಆ ನಿಯಮ ಮಾಡಿದವರೇ ನೀವು. ಉಳಿದವರು ಚಹಾಕ್ಕೆ ಹೋದಾಗ, ಹಕ್ಕಿಗಳಿಗೆ ಕಾಣದಂತೆ ಕಟ್ಟಿದ ತಟ್ಟಿಯ ಮರೆಯಲ್ಲಿ, ಕಿಂಡಿಯ ಮುಂದೆ ನಾವಿಬ್ಬರೇ ಇದ್ದೆವು. ನೀವು ನನ್ನ ತೋಳು ಹಿಡಿದು ಜೊಂಡಿನ ಕಡೆ ಬೆರಳು ತೋರಿಸಿದಿರಿ. ಮದುವೆಗೂ ಮೊದಲಿನಿಂದ ನೀವು ಕಾಯುತ್ತಿದ್ದ ಜೊಂಡಿನ ಬಕ. ಉಳಿದವರನ್ನು ಕೂಗಿ ಕರೆದಿರಿ. ಅವರು ಓಡಿ ಬರುವಷ್ಟರಲ್ಲಿ ಅಲ್ಲಿ ಬರೀ ಜೊಂಡು. ನೀವೂ ನೋಡಿದ್ರಾಮ್ಮ ಎಂದು ಕೂಟದ ಹಿರಿಯರು ನನ್ನನ್ನು ಕೇಳಿದರು. ಇಲ್ಲ ಎಂದೆ.

ನೀವು ಗೋಗರೆದಿರಿ. ನೋಡಿರ್ತೀಯ, ನೆನಪು ಮಾಡ್ಕೋ, ನಾನ್ಯಾಕೆ ಸುಳ್ಳು ಹೇಳ್ಲಿ, ನನ್ನ ಮಾತು ಸಾಕಾಗಲ್ವಾ ಎಂದಿರಿ. ಕೊನೆಯ ಎರಡೂ ಹಿಂದೆ ನಾನು ನಿಮಗೆ ಹೇಳಿದ್ದ ಮಾತುಗಳು. ನಿಮ್ಮ ತಮ್ಮ ಅಡುಗೆಮನೆಯಲ್ಲಿ ಹಿಂದಿನಿಂದ ಬಂದು ನನ್ನನ್ನು ಹಿಡಿದುಕೊಂಡ ದಿನ, ಓಡಿ ಬಂದು ನಿಮಗೆ ಹೇಳಿದ್ದೆ. ನೀವು ಬೈನಾಕ್ಯುಲರಿನ ಗಾಜು ಒರೆಸುತ್ತಲೇ, ಬೇರೆ ಯಾರಾದ್ರೂ ನೋಡಿದ್ರಾ ಎಂದು ಕೇಳಿದಿರಿ. ಯಾರೂ ನೋಡಿರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಅವನು ಈಗಲೂ ಆ ಮನೆಯಲ್ಲಿ ಉಣ್ಣುತ್ತಾನೆ, ನಾನು ಇಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ.

ಸಂಜೆ ಮನೆಯಲ್ಲಿ ಅವನೂ ಇರುತ್ತಾನಾ ಎಂದು ನಿನ್ನೆ ಆ ತಟ್ಟಿಯ ಮರೆಯಲ್ಲೇ ಕೇಳಿದ್ದೆ. ನೀವು ತುಟಿಯ ಮೇಲೆ ಬೆರಳಿಟ್ಟು ಶ್ ಎಂದಿರಿ. ಹಕ್ಕಿ ಹೆದರುತ್ತದಲ್ಲ.

ಯಾರೂ ನಂಬಲಿಲ್ಲವೆಂದು ನಿಮಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ನನಗೆ ಎಷ್ಟು ರಾತ್ರಿ ಹಾಗೆ ಕಳೆದವೆಂದು ನೀವು ಒಮ್ಮೆಯೂ ಕೇಳಲಿಲ್ಲ. ಇನ್ನು ಆ ಮನೆಗೆ ನಾನು ಬರುವುದಿಲ್ಲ. ಸ್ವೆಟರ್ ಒಗೆದು ಕಳಿಸುತ್ತೇನೆ.

ಇಂತಿ,
ನಿನ್ನೆ ಬೆಳಿಗ್ಗೆಯವರೆಗೆ ನಿಮ್ಮವಳಾಗಿದ್ದ
ನಾನು

ತಾ. ಕ.: ಬಕ ಇತ್ತು. ಕೊಕ್ಕು ಮೇಲೆತ್ತಿ, ಗಾಳಿಗೆ ಜೊಂಡಿನ ಜೊತೆಗೇ ತೂಗುತ್ತಾ ನಿಂತಿತ್ತು. ಕತ್ತಿನ ಕಂದು ಗೀರುಗಳನ್ನೂ ಕಣ್ತುಂಬ ನೋಡಿದೆ. ಯಾರು ಕೇಳಿದರೂ ಇಲ್ಲವೆಂದೇ ಹೇಳುತ್ತೇನೆ.