ಗಂಧರಾಜಕ್ಕೆ ತಪ್ಪಿಸಿದ ಪೂಜೆಯ ನೀರು

ಅತ್ತೆ, ನಿಮ್ಮ ಹೆಗ್ಗನಹಳ್ಳಿ ಸೊಸೆಯ ಶರಣು.

ನಾನು ಕಾಗದ ಬರೆಯಲು ಕೂತಿದ್ದೇನೆ ಅಂದರೆ ಏನೋ ಎಡವಟ್ಟು ಮಾಡಿಕೊಂಡಿದ್ದೇನೆ ಎಂದು ನಿಮಗೆ ಗೊತ್ತಾಗಿಯೇ ಇರುತ್ತದೆ. ಹೌದು. ನಿಮಗೆ ಕೊಟ್ಟ ಮಾತು ತಪ್ಪಿದ್ದೇನೆ. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ರಾಣೆಬೆನ್ನೂರಿನಿಂದ ನೀವು ಗಂಧರಾಜದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ದಿನ ನೆನಪಿದೆಯಾ? ವಿಜಯನಗರದ ಈ ಮನೆಯ ಮುಂದೆ ಸಿಮೆಂಟು ಕಾಣದ ಜಾಗ ಅಂದರೆ ಒಂದು ಮೂಲೆ. ಅದನ್ನೇ ಆ ಕಡ್ಡಿಗೆ ಕೊಟ್ಟಿರಿ. ಕಡ್ಡಿ ಚಿಗುರಿತು, ಕಪ್ಪೆನ್ನುವಷ್ಟು ಹಸಿರು, ಎಣ್ಣೆ ಒರೆಸಿದಂಥ ಎಲೆ. "ನೋಡ್ತಿರವಾ, ನನ್ನ ಲಿಂಗಕ್ಕ ಇನ್ನ ಪ್ಯಾಟಿ ಹೂವು ಬ್ಯಾಡ" ಅಂದಿರಿ. ಆಮೇಲೆ ಆರು ವರ್ಷ! ಮೊಗ್ಗು ಬರುವುದು, ಬಿರಿಯುವ ಮೊದಲೇ ಉದುರುವುದು. ಎಲೆಗಳು ವರ್ಷದಿಂದ ವರ್ಷಕ್ಕೆ ಹಳದಿ. ನೀವು ಬೆಂಗಳೂರಿನ ಹವೆಯನ್ನು ಬೈದಿರಿ, ನಾನು ಎದುರುಮನೆಯವರ ಕಣ್ಣು ಎಂದು ನಗುತ್ತಿದ್ದೆ.

ನಿಮ್ಮ ಕೈ ನಡುಗಲು ಶುರುವಾದಾಗ ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಟ್ಟಲನ್ನು ನನ್ನ ಕೈಗೆ ಕೊಟ್ಟಿರಿ. ವಿಭೂತಿ ಕದಡಿ ಬೆಳ್ಳಗಾಗಿದ್ದ ನೀರು, ಅಷ್ಟು ದಿನ ನೀವೇ ಗಿಡದ ಬುಡಕ್ಕೆ ಹಾಕುತ್ತಿದ್ದದ್ದು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಲಿಂಗ ಕಟ್ಟದ ಗೌಡರ ಮನೆ ಹುಡುಗಿ ಎಂದು ಅಲ್ಲಿಯವರೆಗೆ ನನ್ನನ್ನು ಪೂಜೆಯ ಮಣೆಯ ಹತ್ತಿರವೂ ಬಿಟ್ಟಿರಲಿಲ್ಲ ನೀವು. "ಜನ ತುಳಿಯೋ ಜಾಗದಾಗ ಚೆಲ್ಲಬ್ಯಾಡ, ಗಂಧರಾಜಕ್ಕ ಹಾಕು. ನಾ ಹೋದ ಮ್ಯಾಲೂ ತಪ್ಪಿಸಬ್ಯಾಡ." ಹೂಂ ಅಂದೆ. ಆಮೇಲೆ ಅಡುಗೆಮನೆಗೆ ಹೋಗಿ ಗಳಗಳ ಅತ್ತುಬಿಟ್ಟೆ. ಖುಷಿಗೆ. ನಿಮಗೆ ಹೇಳಿರಲಿಲ್ಲ.

ನೀವು ಹೋದಿರಿ. ನಿಮ್ಮ ಮಗ ಪೂಜೆ ಮಾಡುವುದು, ನಾನು ನೀರು ಹಾಕುವುದು, ಒಂದು ದಿನವೂ ತಪ್ಪಲಿಲ್ಲ. ಆದರೆ ಗಿಡದಲ್ಲಿ ಕೊನೆಗೆ ಉಳಿದಿದ್ದು ಎರಡೇ ಟೊಂಗೆ. ಹೆದರಿ, ಒಂದು ಎಲೆ ಕಿತ್ತುಕೊಂಡು ಬ್ಯಾಡರಹಳ್ಳಿಯ ನರ್ಸರಿಗೆ ಓಡಿದೆ. ಅಲ್ಲಿಯ ಅಣ್ಣ ಎಲೆ ನೋಡಿ, "ಮೇಡಂ, ಬುಡಕ್ಕೆ ಏನ್ ಹಾಕ್ತೀರಾ ದಿನಾ?" ಅಂದರು.

"ಪೂಜೆ ನೀರು."

"ವಿಭೂತಿ ಇರುತ್ತಾ?"

"ಇರುತ್ತೆ."

"ಅಯ್ಯೋ, ಗಂಧರಾಜಕ್ಕೆ ಹುಳಿ ಮಣ್ಣು ಬೇಕು ಮೇಡಂ. ಬೂದಿ, ಸುಣ್ಣ ಒಂಚೂರೂ ಆಗಲ್ಲ. ನೀವೇ ಸಾಯಿಸ್ತಾ ಇದೀರಲ್ಲ!"

ಮಕ್ಕಳಿಗೆ ಆಮ್ಲ, ಕ್ಷಾರ ಅಂತ ಗಂಟಲು ಹರಿದುಕೊಳ್ಳುವ ಕೆಮಿಸ್ಟ್ರಿ ಟೀಚರ್ ನಾನು. ಇಷ್ಟು ವರ್ಷ ನನ್ನ ತಲೆಯಲ್ಲಿ ಏನಿತ್ತು, ಸಗಣಿಯಾ? ಮಾರನೆಯ ದಿನ ಶಾಲೆಯಿಂದ ಕೆಂಪು ಲಿಟ್ಮಸ್ ಕಾಗದ ತಂದು ಪೂಜೆಯ ಬಟ್ಟಲಿಗೆ ಅದ್ದಿದೆ. ನೀಲಿಯಾಯಿತು, ಅಪ್ಪಟ ಕ್ಷಾರ. ನೀವೂ ನಾನೂ ಭಕ್ತಿಯಿಂದಲೇ ಗಿಡವನ್ನು ಸುಡುತ್ತಿದ್ದೆವು ಅತ್ತೆ.

ನಿಮ್ಮ ಮಗನಿಗೆ ಹೇಳಿದಾಗ ಮನೆಯಲ್ಲಿ ದೊಡ್ಡ ರಾಮಾಯಣವೇ ಆಯಿತು. "ಅವ್ವಂಗೆ ಮಾತು ಕೊಟ್ಟಿದೀಯ. ಗಿಡ ಹೋದ್ರೆ ಇನ್ನೊಂದು ತರೋಣ, ನೀರು ನಿಲ್ಲಿಸ್ಬೇಡ" ಅಂದರು.

"ಇನ್ನೊಂದು ತರಬಹುದು ರೀ. ಅತ್ತೆ ತೊಡೆ ಮೇಲೆ ಇಟ್ಕೊಂಡು ತಂದಿದ್ದನ್ನ ಎಲ್ಲಿಂದ ತರ್ತೀರಾ?"

ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿ ಹೋದರು. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ನೀವು ನನ್ನನ್ನು ನಂಬಿ ಒಪ್ಪಿಸಿದ್ದು ಅದೊಂದೇ ಕೆಲಸ. ಅದನ್ನೂ ಬಿಟ್ಟರೆ ನಾನು ನಿಮಗೆ ಏನಾಗಿ ಉಳಿಯುತ್ತೇನೆ? ಬಿಡದಿದ್ದರೆ ಗಿಡ... ಕೊನೆಗೆ ಹೋಗಿ ಮನೆಯ ಹಿಂದೆ ಕಾಂಪೌಂಡಿನ ಪಕ್ಕದ ಕಣಗಿಲೆಯ ಬುಡಕ್ಕೆ ಹಾಕಿಬಿಟ್ಟೆ. ಅದು ಯಾವುದಕ್ಕೂ ಜಗ್ಗದ ಜಾತಿ. ಅಲ್ಲಿ ಯಾರೂ ತುಳಿಯುವುದೂ ಇಲ್ಲ.

ಆ ಭಾನುವಾರ ಗಂಧರಾಜದ ಬುಡದ ಬಿಳಿಚಿದ ಮಣ್ಣನ್ನು ಬೇರಿಗೆ ತಾಗದ ಹಾಗೆ ಕೆದಕಿ ತೆಗೆದೆ. ಕೆಂಪು ಮಣ್ಣು, ಕೊಳೆತ ಎಲೆಗೊಬ್ಬರ ತುಂಬಿದೆ. ಸುಣ್ಣದಂಶದ ಬೋರ್‌ವೆಲ್ ನೀರು ಬಂದ್ ಮಾಡಿ, ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು ಹಾಕಿದೆ. ನಿಮ್ಮ ಮಗ ದಿನಾ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟು, ನಾನು ಎತ್ತ ಹೋಗುತ್ತೇನೆಂದು ನೋಡದೆ ಒಳಗೆ ಹೋಗುತ್ತಿದ್ದರು. ನಾಲ್ಕು ತಿಂಗಳು ಹೀಗೆ. ಮಾತಿಲ್ಲ ಅಂತಲ್ಲ, ಆ ವಿಷಯಕ್ಕೆ ಮಾತಿಲ್ಲ. ಅಷ್ಟರಲ್ಲಿ ಹೊಸ ಎಲೆ ಬಂತು, ಮತ್ತೆ ಆ ಕಪ್ಪು ಹಸಿರು. ನಾನು ಸುಮ್ಮನಿದ್ದೆ ಅಂದರೆ ನೀವು ನಂಬುತ್ತೀರಾ?

ಮೊನ್ನೆ ಸೋಮವಾರ ಬಾಗಿಲು ತೆರೆದರೆ ಪರಿಮಳ ಅಂಗಳ ದಾಟಿ ರಸ್ತೆಗೆ ಹೋಗಿತ್ತು. ಬೆಳ್ಳಗೆ, ಅಂಗೈಯಗಲ, ಒಂದೇ ಒಂದು ಹೂ. ನಾನು ಕರೆಯುವ ಮೊದಲೇ ನಿಮ್ಮ ಮಗ ಬಂದು ನಿಂತಿದ್ದರು. ಹೂ ಬಿಡಿಸಿಕೊಂಡು ಒಳಗೆ ಹೋಗಿ ಲಿಂಗಕ್ಕೆ ಏರಿಸಿದರು. ಪೂಜೆ ಮುಗಿದ ಮೇಲೆ ಬಟ್ಟಲನ್ನು ಕಟ್ಟೆಯ ಮೇಲೆ ಇಡಲಿಲ್ಲ ಅತ್ತೆ. ತಾವೇ ಹಿಡಿದುಕೊಂಡು ಗಂಧರಾಜವನ್ನು ದಾಟಿ, ನಡೆದು ಹೋಗಿ ಕಣಗಿಲೆಗೆ ಹಾಕಿದರು. ವಾಪಸ್ ಬಂದು ಆ ಹೂವನ್ನು ನನ್ನ ಕೈಗಿಟ್ಟು, "ಅವ್ವ ಇದ್ದಿದ್ರೆ ನಿಂಗೇ ಮುಡಿಸ್ತಿದ್ಲು" ಅಂದರು.

ಇನ್ನೂ ಏಳು ಮೊಗ್ಗಿವೆ, ಒಂದೂ ಉದುರಿಲ್ಲ. ಭಾನುವಾರ ಎರಡು ಹೂ ತೆಗೆದುಕೊಂಡು ನಿಮ್ಮ ಸಮಾಧಿಗೆ ಬರುತ್ತೇವೆ, ಇಬ್ಬರೂ. ಮಾತು ತಪ್ಪಿದ್ದಕ್ಕೆ ಬೈಯುವುದಿದ್ದರೆ ಅಲ್ಲೇ ಬೈದುಬಿಡಿ. ಆದರೆ ಮೊದಲು ಹೂ ಮೂಸಿ ನೋಡಿ.

ನಿಮ್ಮ ಸೊಸೆ