ಎತ್ತಿ ಹಾಕುವ ಬಾಗಿಲು

ಮನೆ, ಶೆಡ್ಡಿನ ಮೆಟ್ಟಿಲ ಮೇಲಿಂದ
ಮಾರ್ಚ್ ೯, ಶನಿವಾರ

ರೀ,

ಮಂಡಿ ಹೇಗಿದೆ? ಆಪರೇಷನ್ ಆದ ಮೇಲೆ ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ನೀವು ನಿಮ್ಮ ಅಕ್ಕನ ಮನೆಯ ಮಂಚ ಬಿಟ್ಟು ಇಳಿದಿರಲಿಕ್ಕಿಲ್ಲ, ನಿಮ್ಮನ್ನು ನಾನು ಕಾಣೆನೇ? ಅತ್ತಿಗೆಯೂ ತಮ್ಮ ಅಂತ ಮುದ್ದು ಮಾಡುತ್ತಿರುತ್ತಾರೆ.

ಈಗ ಸುದ್ದಿ. ಮಾವನವರ ಕಾಲದ ಕಾರಿನ ಚಾಸಿ, ಅಡಿಯ ಚೌಕಟ್ಟೇ, ತುಕ್ಕು ತಿಂದು ಹೋಗಿದೆ, ಈ ಮಂಡಿ ಇಟ್ಟುಕೊಂಡು ಅದರಡಿ ನುಗ್ಗುವವರು ಯಾರು, ಗುಜರಿಯವನಿಗೆ ಮಾತು ಕೊಟ್ಟಿದ್ದೇನೆ, ಬಂದರೆ ಕೊಟ್ಟುಬಿಡು ಎಂದು ಹೇಳಿ ಹೋದಿರಲ್ಲ, ಹಾಗೆ ಹೇಳುವಾಗ ಮುಖ ಆ ಕಡೆ ತಿರುಗಿಸಿಕೊಂಡಿರಿ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನುಗ್ಗಿದವಳು ನಾನು. ಬೀದಿ ಕೊನೆಯಲ್ಲಿ ಗೇಟು ಮಾಡುವವನ ಹತ್ತಿರ ವೆಲ್ಡಿಂಗ್ ಕಲಿತೆ, ಅವನ ಹಳೇ ಮೆಷಿನ್ನೇ ನಮ್ಮ ಶೆಡ್ಡಿಗೆ ಬಂತು. (ಪೆಟ್ರೋಲ್ ಟ್ಯಾಂಕನ್ನೂ ಬ್ಯಾಟರಿಯನ್ನೂ ಮೊದಲೇ ಬಿಚ್ಚಿ ದೂರ ಇಟ್ಟಿದ್ದೆವು. ಎದೆ ಹಿಡಿದುಕೊಳ್ಳಬೇಡಿ.)

ಮೊದಲ ಸಲ ಎಡವಟ್ಟು ಮಾಡಿದೆ. ಹೊಲಿಗೆ ಮೆಷಿನ್ ತುಳಿದೇ ಸಂಸಾರ ಮಾಡಿದವಳಲ್ಲವೇ, ಕೊಳೆತ ಕಬ್ಬಿಣ ಕತ್ತರಿಸಿ, ದಪ್ಪ ಉಕ್ಕಿನ ಪಟ್ಟಿ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಬೆಸೆದುಬಿಟ್ಟೆ. ಕಾವಿಗೆ ಚಾಸಿ ಸೊಟ್ಟಗಾಗಿ ಎಡಬಾಗಿಲು ತೆರೆಯಲೇ ಇಲ್ಲ. ಗೇಟಿನವನು ಬಗ್ಗಿ ನೋಡಿ, “ಅಕ್ಕಾ, ಇದೇನು ದಿಂಬಿನ ಚೀಲಾನಾ, ಒಂದೇ ಸಲಕ್ಕೆ ಹೊಲಿಯೋಕೆ?” ಎಂದ. ಕೋಪವೂ ಬಂತು, ನಗುವೂ ಬಂತು. ಜಾರುವ ಬಟ್ಟೆ ಎಳೆದುಕೊಳ್ಳಬಾರದು ಅಂತ ಮೊದಲು ಕಚ್ಚಾ ಹೊಲಿಗೆ ಹಾಕುವವಳು ನಾನೇ ತಾನೇ? ಎಲ್ಲ ಕತ್ತರಿಸಿ ತೆಗೆದೆ. ಇಲ್ಲೊಂದು ಚುಕ್ಕೆ ಬೆಸೆದು, ಆ ತುದಿಯಲ್ಲೊಂದು ಬೆಸೆದು, ಆರಲು ಬಿಟ್ಟು, ಬಾಗಿಲು ಹಾಕಿ ತೆಗೆದು ನೋಡಿ, ಆಮೇಲೆ ಮುಂದಿನದು. ಹಾಗೇ ಚುಕ್ಕೆಗೆ ಚುಕ್ಕೆ ಕೂಡಿಸಿ ಪೂರ್ತಿ ಮಾಡಿದೆ. ನಿನ್ನೆ ಗೇಟಿನವನು ಅಡಿಯಲ್ಲಿ ಮಲಗಿ ಸುತ್ತಿಗೆಯಿಂದ ಬಡಿದು ಬಡಿದು ನೋಡಿದ. ಹೊಗಳಲಿಲ್ಲ. ದೊಡ್ಡದೊಂದು ಗೇಟಿನ ಕೆಲಸ ಬಂದಿದೆ, ಕೈಜೋಡಿಸ್ತೀರಾ ಎಂದು ಕೇಳಿದ. ನನಗೆ ಜಂಬ ಬಂದಿದೆ, ಬಂದರೆ ಬರಲಿ.

ಅತ್ತಿಗೆಗೆ ನಮಸ್ಕಾರ ತಿಳಿಸಿ. ಮಾತ್ರೆ ಮರೆಯಬೇಡಿ.

ಇಂತಿ,
ತೋಳಿನ ತುಂಬ ಕಿಡಿಯ ಕಲೆ ಹೊತ್ತಿರುವ
ನಿಮ್ಮ ಮನೆಯಾಕೆ

ತಾ.ಕ.: ಗುಜರಿಯವನು ಬಂದಿದ್ದ. ನೀವು ಕೊಟ್ಟ ಮಾತು ತಪ್ಪಬಾರದಲ್ಲ, ಕತ್ತರಿಸಿ ತೆಗೆದ ತುಕ್ಕಿನ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿ ಕೊಟ್ಟು ಕಳಿಸಿದೆ. ಮುಂದಿನ ಭಾನುವಾರ ನಿಮ್ಮನ್ನು ಕರೆದುಕೊಂಡು ಬರಲು ಕಾರಿನಲ್ಲೇ ಬರುತ್ತೇನೆ. ಓಡಿಸುವವಳು ನಾನು, ನೀವು ಎಡಗಡೆ. ಮಾವನವರ ಕಾಲದಿಂದಲೂ ಜೋತುಬಿದ್ದಿದ್ದ ಆ ಎಡಬಾಗಿಲನ್ನು ಎರಡು ಕೈಯಲ್ಲಿ ಎತ್ತಿ ದಢಾರನೆ ಹಾಕುತ್ತಿದ್ದಿರಿ. ಇನ್ನು ಎತ್ತಬೇಡಿ. ಒಂದು ಬೆರಳು ಸಾಕು.